ಲೇಖಕರನ್ನು ಪರಿಚಯಿಸಿ, ಓದುಗರನ್ನು ಗೆಲ್ಲಿ: ಶಾಲಾ ಲೈಬ್ರರಿಗೆ 12 ಯಶಸ್ಸಿನ ಸೂತ್ರಗಳು

ಹೆಬ್ಬಾಳ, ಕೆಂಪಾಪುರ, ಆರ್.ಟಿ. ನಗರ, ಯಲಹಂಕ. ಈ ಭಾಗದಲ್ಲಿ ಗಲ್ಲಿಗೊಂದು ಶಾಲೆ. ಹೆಚ್ಚಿನ ಶಾಲೆಗಳಲ್ಲಿ ಲೈಬ್ರರಿ ಅಂತ ಒಂದು ಕೋಣೆ ಇದೆ, ಇಲ್ಲದಿದ್ದರೆ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಬೀರುವಾದರೂ ಇದೆ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ಕಥೆಪುಸ್ತಕಗಳೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಕೋಣೆ ಕಾನೂನಿನಿಂದ ಬರಬಹುದು. ಓದುಗರು ಬರುವುದು ನಿಮ್ಮಿಂದ.

ನೀವು ಹೊಸದಾಗಿ ಕೆಲಸಕ್ಕೆ ಸೇರಿದ ಲೈಬ್ರರಿಯನ್ ಇರಬಹುದು, ಲೈಬ್ರರಿ ಚಾರ್ಜ್ ಸಿಕ್ಕಿರುವ ಕನ್ನಡ ಟೀಚರ್ ಇರಬಹುದು, ಒಂಬತ್ತನೇ ಕ್ಲಾಸಿನ ಲೈಬ್ರರಿ ಲೀಡರ್ ಇರಬಹುದು. ಗೆಲ್ಲುವ ದಾರಿ ಒಂದೇ: ಪುಸ್ತಕದ ಜೊತೆಗೆ ಅದನ್ನು ಬರೆದವರನ್ನೂ ಮಕ್ಕಳ ಕೈಗೆ ಕೊಡಿ. ಕಥೆ ಇಷ್ಟವಾದ ಮಗು ಆ ಪುಸ್ತಕ ಓದಿ ಮುಗಿಸುತ್ತದೆ. ಲೇಖಕರು ಇಷ್ಟವಾದ ಮಗು ಮರುದಿನವೇ ಬಂದು "ಮಿಸ್, ಇವರದ್ದು ಇನ್ನೊಂದು ಇದೆಯಾ?" ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಟಾರ್ಗೆಟ್ ಮಾಡಿಕೊಂಡು ಕೆಲಸ ಶುರು ಮಾಡಿ.

1. ಮೊದಲು ನೀವು ಓದಿ

ವಾರಕ್ಕೆ ಎರಡು ಮಕ್ಕಳ ಪುಸ್ತಕ ಓದಿ. ಚಿತ್ರಪುಸ್ತಕಕ್ಕೆ ಕಾಲು ಗಂಟೆ ಸಾಕು. "ನನಗೆ ಮಕ್ಕಳ ಸಾಹಿತ್ಯ ಗೊತ್ತಿಲ್ಲ" ಎನ್ನುವುದು ಅಭ್ಯಾಸಬಲದಿಂದ ಬರುವ ಮಾತು. ಇವತ್ತೇ ಬಿಡಿ.

ಎಲ್ಲಿಂದ ಶುರು ಮಾಡಬೇಕು? ಹಳಬರಲ್ಲಿ ಪಂಜೆ ಮಂಗೇಶರಾಯರು, ಹೊಯಿಸಳ, ಜಿ.ಪಿ. ರಾಜರತ್ನಂ, ಕುವೆಂಪು, ಶಿವರಾಮ ಕಾರಂತ. ಹೊಸಬರಿಗೆ ರೆಡಿ ಲಿಸ್ಟ್ ಇದೆ: ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ. ಮೊದಲ ವರ್ಷ ಕನ್ನಡಕ್ಕೆ ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ, ಗಾಂಧೀಜಿಯ ಬದುಕನ್ನು ಮಕ್ಕಳಿಗೆ ಹೇಳಿದ ಪುಸ್ತಕಕ್ಕಾಗಿ. 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು'. ಈ ನಾಲ್ಕು ಪುಸ್ತಕ ತರಿಸಿ, ಓದಿ ಮುಗಿಸಿ. ನಿಮ್ಮ ಏರಿಯಾದ ಬಹಳಷ್ಟು ಶಾಲೆಗಳಿಗಿಂತ ಮುಂದಿರುತ್ತೀರಿ. ತಾನು ಓದದ ಪುಸ್ತಕವನ್ನು ಯಾರೂ ಉತ್ಸಾಹದಿಂದ ಕೊಡಲಾರರು, ಮಕ್ಕಳು ಅದನ್ನು ಒಂದೇ ನೋಟಕ್ಕೆ ಪತ್ತೆ ಹಚ್ಚುತ್ತಾರೆ.

2. ಮೂರು ನಿಮಿಷದಲ್ಲಿ ಲೇಖಕರನ್ನು ಪರಿಚಯಿಸಿ

ಲೈಬ್ರರಿ ಪೀರಿಯಡ್‌ನ ಮೊದಲ ಮೂರು ನಿಮಿಷ ಲೇಖಕರಿಗೆ ಮೀಸಲಿಡಿ. ಹುಟ್ಟಿದ ಊರು, ತಂದೆತಾಯಿ, ಪ್ರಶಸ್ತಿಗಳ ಪಟ್ಟಿ ಬೇಡ. ಅದು ಪರೀಕ್ಷೆಯ ಕವಿಪರಿಚಯ. ಮಗುವಿಗೆ ಬೇಕಾಗಿರುವುದು ಮನುಷ್ಯ.

ಪಂಜೆಯವರನ್ನು ಹೀಗೆ ಹೇಳಿ. ಅವರು ಟೀಚರ್ ಆಗಿದ್ದರು, ಮುಂದೆ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಅಂದಿನ ಮಕ್ಕಳಿಗೆ ಓದಲು ಖುಷಿಯಾಗುವ ಕನ್ನಡ ಸಿಗುತ್ತಿರಲಿಲ್ಲ. ಯಾರೋ ಬರೆಯಲಿ ಎಂದು ಕೂರದೆ ತಾವೇ ಹಾಡು ಬರೆದರು, ಕಥೆ ಬರೆದರು. ಅಷ್ಟಕ್ಕೇ ನಿಲ್ಲಿಸದೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಹಾವಿನ ಮೇಲೆ, ಗಾಳಿಯ ಮೇಲೆ ಪದ್ಯ ಬರೆದ ಈ ಮೇಷ್ಟ್ರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಿಮ್ಮ ಕ್ಲಾಸಿನಲ್ಲಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದರೆ ಆ ಊರಿನ ಹೆಸರು ಕಿವಿಗೆ ಬಿದ್ದ ಕೂಡಲೇ ತಲೆ ಎತ್ತುತ್ತಾರೆ.

ರಾಜರತ್ನಂ ಇನ್ನೂ ಸುಲಭ. ಕನ್ನಡ ಎಂ.ಎ. ಮಾಡಿದ ಮೇಲೆ ಅವರು ಪಾಠ ಹೇಳಲು ಹೋದದ್ದು ಶಿಶುವಿಹಾರದ ಪುಟಾಣಿಗಳಿಗೆ. ಆ ಮಕ್ಕಳ ಎದುರು ನಿಂತದ್ದರಿಂದಲೇ 'ತುತ್ತೂರಿ' ಬಂತು. ಮಕ್ಕಳ ಪದ್ಯ ಅಂದರೆ ಚಿಕ್ಕ ಕೆಲಸ ಎಂದುಕೊಂಡವರಿಗೆ ಇದನ್ನೂ ಹೇಳಿ: 1978ರಲ್ಲಿ ದೆಹಲಿಯಲ್ಲಿ ನಡೆದ 50ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಹೈಸ್ಕೂಲಿನವರಿಗೆ ಹೇಳುವಾಗ 'ರತ್ನನ ಪದಗಳು' ಸೇರಿಸಿ. ನಾಯಿಮರಿಯ ಪದ್ಯವನ್ನೂ ಹೆಂಡಗುಡುಕ ರತ್ನನ ಪದಗಳನ್ನೂ ಬರೆದವರು ಒಬ್ಬರೇ ಎಂದು ಗೊತ್ತಾದಾಗ ಹದಿನಾಲ್ಕರ ಹುಡುಗ ಕೂಡ ಪುಸ್ತಕಕ್ಕೆ ಕೈ ಚಾಚುತ್ತಾನೆ.

ಪ್ರತಿ ಲೇಖಕರಿಗೂ ಹೀಗೆ ಒಂದು ಕಾರ್ಡ್ ಮಾಡಿ: ಏನು ಕೆಲಸ ಮಾಡುತ್ತಿದ್ದರು, ಯಾಕೆ ಬರೆದರು, ನಮ್ಮಲ್ಲಿ ಅವರ ಯಾವ ಪುಸ್ತಕ ಇದೆ. ಮೂರು ಸಾಲು. ತಿಂಗಳಿಗೆ ನಾಲ್ಕು ಕಾರ್ಡ್ ಆದರೆ ಜೂನ್‌ನಿಂದ ಮಾರ್ಚ್‌ವರೆಗೆ ನಲವತ್ತು ಲೇಖಕರು.

3. ನಿಮ್ಮ ಏರಿಯಾಕ್ಕೆ ಲೇಖಕರನ್ನು ಜೋಡಿಸಿ

ಮಗು ದಿನಾ ನೋಡುವ ಜಾಗದಿಂದ ಪುಸ್ತಕಕ್ಕೆ ದಾರಿ ಮಾಡಿ. ಹೆಬ್ಬಾಳದಲ್ಲಿ ಇದಕ್ಕೆ ಕೊರತೆಯೇ ಇಲ್ಲ.

ಹೆಬ್ಬಾಳ ಕೆರೆಗೆ ಹೆಜ್ಜಾರ್ಲೆ ಬರುತ್ತದೆ, ನೀರುಕಾಗೆ ಬರುತ್ತದೆ, ಮಿಂಚುಳ್ಳಿ ಕೂರುತ್ತದೆ. ಸ್ಕೂಲ್ ವ್ಯಾನ್ ಕಿಟಕಿಯಿಂದ ಕೆರೆ ನೋಡುವ ಮಗುವಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಕೊಡಿ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಕ್ಯಾಮೆರಾ ಹಿಡಿದು ಹಕ್ಕಿ ಕಾದ ಲೇಖಕರು ಎಂದು ಹೇಳಿ. ಮುಂದಿನ ವಾರ 'ಪರಿಸರದ ಕತೆ' ಕೊಡಿ. ಅದರ ಮುಂದಿನ ವಾರ "ಇವರ ತಂದೆಯೂ ಮಕ್ಕಳಿಗೆ ಬರೆದಿದ್ದಾರೆ" ಎಂದು ಕುವೆಂಪು ಅವರ ಕಿಂದರಿಜೋಗಿಯನ್ನು ಮುಂದಿಡಿ. ಒಂದು ಹಕ್ಕಿಯಿಂದ ಮೂರು ಪುಸ್ತಕ ಇಶ್ಯೂ ಆಯಿತು.

ಯಲಹಂಕದ ಆಚೆ ಡಾ. ಶಿವರಾಮ ಕಾರಂತ ಬಡಾವಣೆ ಇದೆ. ಸೈಟಿನ ಮಾತು ಬಂದಾಗಲೆಲ್ಲ ಮಕ್ಕಳು ಮನೆಯಲ್ಲಿ ಆ ಹೆಸರು ಕೇಳಿರುತ್ತಾರೆ. ಕಾರಂತರು ಯಾರು ಎಂದು ಕೇಳಿ ನೋಡಿ. ಆಮೇಲೆ ಹೇಳಿ: ಇಂಟರ್ನೆಟ್ ಇರಲಿ, ಹೆಚ್ಚಿನ ಮನೆಗಳಲ್ಲಿ ಕರೆಂಟೂ ಇಲ್ಲದ 1936ರಲ್ಲಿ ಈ ಮನುಷ್ಯ ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದರು. ಪುತ್ತೂರಿನ ಬಾಲವನವೂ ಅವರದೇ.

ಆರನೇ ಕ್ಲಾಸಿನಿಂದ ಮೇಲಿನವರಿಗೆ ಹೆಬ್ಬಾಳದ ಕಿತ್ತಯ್ಯನ ಶಾಸನ ಪರಿಚಯಿಸಿ. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಒಂದು, ಅದೂ ನಿಮ್ಮ ಶಾಲೆಯ ಹತ್ತಿರದಲ್ಲೇ. "ಕನ್ನಡ ನಮ್ಮ ಏರಿಯಾದ್ದಲ್ಲ" ಎನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

4. ಕಥೆಪುಸ್ತಕಗಳನ್ನು ಲೇಖಕರ ಹೆಸರಿನಲ್ಲಿ ಜೋಡಿಸಿ

ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ನಂಬರ್ ಇರಲಿ. ಆದರೆ ಮಗು ನಂಬರ್ ಹುಡುಕುವುದಿಲ್ಲ, ಹೆಸರು ಹುಡುಕುತ್ತದೆ. ಪುಸ್ತಕದ ಬೆನ್ನಿನ ಲೇಬಲ್ ಮೇಲೆ ಲೇಖಕರ ಹೆಸರಿನ ಮೊದಲ ಅಕ್ಷರಗಳನ್ನು ದಪ್ಪವಾಗಿ ಬರೆಯಿರಿ. ಒಬ್ಬರ ಎಲ್ಲ ಪುಸ್ತಕಗಳೂ ಒಂದೇ ಕಡೆ ಇರಲಿ. ಪ್ರತಿ ಶೆಲ್ಫಿನಲ್ಲಿ ಎರಡು ಪುಸ್ತಕಗಳ ಮುಖಪುಟ ಹೊರಗೆ ಕಾಣಲಿ.

ಎಸ್.ಆರ್. ರಂಗನಾಥನ್ ಅವರನ್ನು ಪ್ರತಿ ಶಾಲಾ ಲೈಬ್ರರಿಯನ್ ಓದಬೇಕು. ಬೆಂಗಳೂರಿನಲ್ಲಿ 1962ರಲ್ಲಿ ಡಿ.ಆರ್.ಟಿ.ಸಿ. ಎಂಬ ಗ್ರಂಥಾಲಯ ವಿಜ್ಞಾನದ ಸಂಸ್ಥೆ ಕಟ್ಟಿದವರು, ಇಲ್ಲೇ ಕೊನೆಯವರೆಗೂ ಬಾಳಿದವರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂದು 1931ರಲ್ಲೇ ಹೇಳಿದವರು. ಲೇಖಕರ ಹೆಸರಿನ ಜೋಡಣೆ ಈ ಮೂರನ್ನೂ ಒಂದೇ ಏಟಿಗೆ ಮಾಡಿಕೊಡುತ್ತದೆ.

5. ಕನ್ನಡ, ಇಂಗ್ಲಿಷ್ ಪುಸ್ತಕಗಳನ್ನು ಅಕ್ಕಪಕ್ಕ ಇಡಿ

"ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡ ಓದಲ್ಲ" ಎಂದು ಮೀಟಿಂಗಿನಲ್ಲಿ ಹೇಳಬೇಡಿ. ಜೋಡಿ ಕೊಟ್ಟು ನೋಡಿ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಊರಿನ ಕಿಂದರಿಗಾರನ ಕಥನವನ್ನೇ ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ಎರಡನ್ನೂ ಒಂದೇ ದಿನ ಗಟ್ಟಿಯಾಗಿ ಓದಿ. ಯಾವುದರಲ್ಲಿ ಇಲಿಗಳು ಜಾಸ್ತಿ ಗಲಾಟೆ ಮಾಡುತ್ತವೆ ಎಂದು ಮಕ್ಕಳನ್ನೇ ಕೇಳಿ. ಚರ್ಚೆ ತಾನಾಗಿ ಶುರುವಾಗುತ್ತದೆ.

ಹೆಬ್ಬಾಳದ ಕ್ಲಾಸುಗಳಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಕ್ಕಳೂ ಇದ್ದಾರೆ. ಅವರಿಗೆ ಸ್ಟೋರಿವೀವರ್ ಬಳಸಿ. ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ವೇದಿಕೆ ಅದು. ಒಂದೇ ಕಥೆ ಹಲವು ಭಾಷೆಯಲ್ಲಿ ಉಚಿತವಾಗಿ ಸಿಗುತ್ತದೆ, ಪ್ರಿಂಟ್ ಹಾಕಿಕೊಳ್ಳಬಹುದು. ಅನುವಾದಕರ ಹೆಸರನ್ನೂ ತಪ್ಪದೆ ಓದಿ ಹೇಳಿ. ಅನುವಾದವೂ ಒಂದು ಕೆಲಸ, ಅದನ್ನೂ ತಾನು ಮಾಡಬಹುದು ಎಂದು ಎರಡು ಭಾಷೆ ಬಲ್ಲ ಮಗುವಿಗೆ ಹೊಳೆಯಲಿ.

6. ಚಿತ್ರ ಬರೆದವರ ಹೆಸರು ಹೇಳಿ

ಚಿಕ್ಕ ಮಕ್ಕಳು ಮೊದಲು ಓದುವುದು ಚಿತ್ರವನ್ನು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕಥೆಗಳಿಗೆ ಚಿತ್ರ ಬರೆದವರು ತಮ್ಮ ಆರ್.ಕೆ. ಲಕ್ಷ್ಮಣ್ ಎಂದು ಹೇಳಿ. ಅಣ್ಣ ತಮ್ಮ ಸೇರಿ ಪುಸ್ತಕ ಮಾಡಿದ ವಿಷಯ ಮಕ್ಕಳು ಮರೆಯುವುದಿಲ್ಲ. ಡ್ರಾಯಿಂಗ್‌ನಲ್ಲಿ ಮುಂದಿರುವ, ಓದಿನಲ್ಲಿ ಹಿಂದಿರುವ ಮಗುವಿಗೆ ಲೈಬ್ರರಿಯೊಳಗೆ ಬರಲು ಇದೇ ಬಾಗಿಲು.

7. ಕಾವ್ಯನಾಮದ ಕ್ವಿಜ್ ಮಾಡಿ

ಐದು ನಿಮಿಷದ ಆಟ. ಕವಿಶಿಷ್ಯ ಯಾರು? ಪಂಜೆ. ಹೊಯಿಸಳ ಯಾರು? ಅರಗಂ ಲಕ್ಷ್ಮಣರಾವ್. ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಕಿರಿಯರ ವಿಶ್ವಕೋಶದ ಸಂಪಾದಕ ನಿರಂಜನ ಅವರ ನಿಜವಾದ ಹೆಸರು? ಕುಳಕುಂದ ಶಿವರಾಯ. ಕೊನೆಗೆ ಬಾಂಬ್ ಹಾಕಿ: ನೀವು ಕ್ಯೂ ನಿಂತು ತೆಗೆದುಕೊಳ್ಳುವ ಜೆರೋನಿಮೊ ಸ್ಟಿಲ್ಟನ್ ಪುಸ್ತಕ ಬರೆದದ್ದು ಇಲಿಯಲ್ಲ, ಇಟಲಿಯ ಎಲಿಸಬೆಟ್ಟಾ ದಾಮಿ ಎಂಬ ಮಹಿಳೆ. ಮುಖಪುಟದ ಹೆಸರಿನ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಚಟ ಹತ್ತಿತೆಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

8. ಮಗುವಿನ ಮಟ್ಟಕ್ಕೆ ಪುಸ್ತಕ ಕೊಡಿ, ಕ್ಲಾಸಿನ ಮಟ್ಟಕ್ಕಲ್ಲ

ಆರನೇ ಕ್ಲಾಸಿನ ಮಗು ಎರಡನೇ ಕ್ಲಾಸಿನ ಕನ್ನಡ ಓದುತ್ತಿದ್ದರೆ ಅಲ್ಲಿಂದಲೇ ಶುರು ಮಾಡಿ. ಬೆಂಗಳೂರಿನ ಹಿಪೊಕ್ಯಾಂಪಸ್ ಸಂಸ್ಥೆ ಇದಕ್ಕೆ ಬಣ್ಣದ ಪದ್ಧತಿ ರೂಪಿಸಿತು: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಸ್ಟಿಕ್ಕರ್, ಒಂದೊಂದು ಒಂದೊಂದು ಮಟ್ಟಕ್ಕೆ. ನೀವೂ ಸ್ಟಿಕ್ಕರ್ ಅಂಟಿಸಿ. ಬಣ್ಣ ಇದ್ದರೆ "ನೀನು ಹಿಂದಿದ್ದೀಯ" ಎಂಬ ಮಾತು ಬೇಕಾಗುವುದಿಲ್ಲ. "ನಿನ್ನದು ಕಿತ್ತಳೆ, ಅಲ್ಲಿ ಹುಡುಕು" ಅಂದರೆ ಸಾಕು.

9. ಲೇಖಕರನ್ನು ಶಾಲೆಗೆ ಕರೆಸಿ, ಆದರೆ ತಯಾರಿ ಮಾಡಿ ಕರೆಸಿ

ಲೇಖಕರ ಭೇಟಿ ವರ್ಷದ ದೊಡ್ಡ ಕಾರ್ಯಕ್ರಮ. ಅದು ಸೋಲುವುದು ಒಂದೇ ಕಾರಣಕ್ಕೆ, ಮಕ್ಕಳು ಅವರ ಒಂದು ಪುಟವನ್ನೂ ಓದಿರುವುದಿಲ್ಲ. ಅಸೆಂಬ್ಲಿ ಗ್ರೌಂಡಿನಲ್ಲಿ ಎಂಟುನೂರು ಮಕ್ಕಳು, ಸ್ವಾಗತ ಭಾಷಣ, ಶಾಲು, ಹಾರ, ಫೋಟೋ, ವಂದನಾರ್ಪಣೆ. ಲೇಖಕರಿಗೆ ಹತ್ತು ನಿಮಿಷ. ಹಾಗೆ ಮಾಡಬೇಡಿ.

ಮೂರು ವಾರ ಮೊದಲು ಅವರ ಪುಸ್ತಕಗಳ ನಾಲ್ಕೈದು ಪ್ರತಿ ತರಿಸಿ, ಕ್ಲಾಸಿನಿಂದ ಕ್ಲಾಸಿಗೆ ಓಡಾಡಿಸಿ. ಓದಿದ ನಲವತ್ತು ಮಕ್ಕಳನ್ನು ಮಾತ್ರ ಕೂರಿಸಿ, ಲೈಬ್ರರಿಯಲ್ಲೇ, ನೆಲದ ಮೇಲೆ. ಪ್ರಶ್ನೆಗಳನ್ನು ಮಕ್ಕಳೇ ಬರೆಯಲಿ. ನೀವು ತಿದ್ದಬೇಡಿ. "ಆ ನಾಯಿಯನ್ನು ಯಾಕೆ ಸಾಯಿಸಿದಿರಿ?" ಎಂದು ಒಂದು ಮಗು ಕೇಳಿದರೆ ಅದಕ್ಕಿಂತ ದೊಡ್ಡ ವಿಮರ್ಶೆ ಇಲ್ಲ. ಸ್ವಾಗತ ಒಂದು ನಿಮಿಷ, ಲೇಖಕರ ಓದು ಹತ್ತು ನಿಮಿಷ, ಉಳಿದದ್ದೆಲ್ಲ ಮಕ್ಕಳದ್ದು.

ಗೌರವಧನ ಕೊಡಿ. ಪ್ರಯಾಣದ ಖರ್ಚು ಕೊಡಿ. ಕರೆಯುವ ಫೋನಿನಲ್ಲೇ ಮೊತ್ತ ಹೇಳಿ. ಬರವಣಿಗೆ ದುಡಿಮೆ, ಅದಕ್ಕೆ ಬೆಲೆ ಕೊಡುವುದನ್ನು ಮಕ್ಕಳು ನಿಮ್ಮನ್ನು ನೋಡಿ ಕಲಿಯಬೇಕು. ಜಯನಗರ, ಬಸವನಗುಡಿ ಕಡೆಯಿಂದ ಬರುವವರಿಗೆ ಬೆಳಗ್ಗೆ 9 ಗಂಟೆಗೆ ಟೈಮ್ ಕೊಡಬೇಡಿ. ಹೆಬ್ಬಾಳ ಜಂಕ್ಷನ್ನಿನ ಟ್ರಾಫಿಕ್ ನಿಮಗೆ ಗೊತ್ತು. 11 ಗಂಟೆಗೆ ಇಡಿ. ಸಿದ್ದಾಪುರ, ಧಾರವಾಡ, ವಿಜಯಪುರದಲ್ಲಿ ಇರುವವರಿಗೆ ವಿಡಿಯೊ ಕಾಲ್ ಕೇಳಿ. ಪ್ರಕಾಶಕರಿಗೆ ಮೊದಲೇ ತಿಳಿಸಿದರೆ ಪುಸ್ತಕ ಮಾರಾಟದ ಮೇಜೂ ಬರುತ್ತದೆ. ಹಸ್ತಾಕ್ಷರ ಹಾಕಿಸಿಕೊಂಡ ಪುಸ್ತಕವನ್ನು ಮಗು ರದ್ದಿಗೆ ಹಾಕಲು ಬಿಡುವುದಿಲ್ಲ.

ಆದರೆ ತೀರಿಕೊಂಡ ಲೇಖಕರು? ಅವರನ್ನೂ ಕರೆಸಬಹುದು. ಎಚ್.ಎಸ್. ವೆಂಕಟೇಶಮೂರ್ತಿಯವರು 2025ರ ಮೇ 30ರಂದು ನಮ್ಮನ್ನು ಅಗಲಿದರು. 'ಚಿನ್ನಾರಿ ಮುತ್ತ'ದ ಹಾಡುಗಳನ್ನು ಇವತ್ತಿಗೂ ಮಕ್ಕಳು ಹಾಡುತ್ತಾರೆ, ಬರೆದವರು ಯಾರೆಂದು ಗೊತ್ತಿಲ್ಲದೆ. ಮೇ ಕೊನೆಗೆ ಶಾಲೆ ಬಾಗಿಲು ತೆರೆಯುವ ಹೊತ್ತಿಗೇ ಅವರ ನೆನಪಿನ ದಿನ ಬರುತ್ತದೆ. ವರ್ಷದ ಮೊದಲ ಲೈಬ್ರರಿ ಪೀರಿಯಡ್ ಅವರ ಹೆಸರಿನಲ್ಲಿ ಮಾಡಿ: ಹಾಡು ಕೇಳಿಸಿ, ಪುಸ್ತಕ ತೋರಿಸಿ, 'ಅಳಿಲು ರಾಮಾಯಣ' ನಾಟಕದ ಒಂದು ದೃಶ್ಯ ಮಕ್ಕಳಿಂದಲೇ ಓದಿಸಿ.

10. ವಿದ್ಯಾರ್ಥಿಗಳೇ, ಕೌಂಟರ್‌ನ ಆಚೆಗೆ ಬನ್ನಿ

ಇದು ನಿಮಗೆ. ಲೈಬ್ರರಿ ಲೀಡರ್ ಬ್ಯಾಡ್ಜ್ ಸಿಕ್ಕರೆ ಬರೀ ರಿಜಿಸ್ಟರ್ ಬರೆಯುತ್ತ ಕೂರಬೇಡಿ. ಒಬ್ಬ ಲೇಖಕರನ್ನು ಆರಿಸಿಕೊಳ್ಳಿ, ಅವರ ಮೂರು ಪುಸ್ತಕ ಓದಿ, ಮೂರನೇ ಕ್ಲಾಸಿಗೆ ಹೋಗಿ ಐದು ನಿಮಿಷ ಮಾತಾಡಿ. ದೊಡ್ಡವರು ಶಿಫಾರಸು ಮಾಡಿದ್ದಕ್ಕಿಂತ ಹಿರಿಯ ಅಕ್ಕ, ಅಣ್ಣ ಹೇಳಿದ ಪುಸ್ತಕವನ್ನು ಚಿಕ್ಕವರು ಬೇಗ ತೆಗೆದುಕೊಳ್ಳುತ್ತಾರೆ. ಸ್ಟೇಜ್ ಭಯವೂ ಇಲ್ಲೇ ಹೋಗುತ್ತದೆ. ನಾಳೆ ಇಂಟರ್ವ್ಯೂನಲ್ಲಿ ಸ್ಪಷ್ಟವಾಗಿ ಮಾತಾಡುವವರು ಇವತ್ತು ಮೂರನೇ ಕ್ಲಾಸಿನ ಎದುರು ನಿಂತವರೇ. ಕೈಬರಹದ ಪತ್ರಿಕೆ ಶುರು ಮಾಡಿ, ಅದಕ್ಕೂ ಅಕ್ಸೆಶನ್ ನಂಬರ್ ಕೊಡಿಸಿ ಶೆಲ್ಫಿನಲ್ಲಿ ಇಡಿಸಿ. ಲೇಖಕರ ಸಾಲಿನಲ್ಲಿ ನಿಮ್ಮ ಹೆಸರೂ ಇರಲಿ.

11. ನಕಲು ಮಾಡಬೇಡಿ, ಹಕ್ಕು ತಿಳಿದುಕೊಳ್ಳಿ

ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆಯವರ ಬರಹ ಎಲ್ಲರದ್ದೂ ಆಗಿದೆ, ಧಾರಾಳವಾಗಿ ಪೋಸ್ಟರ್ ಮಾಡಿ. 1979ರಲ್ಲಿ ಹೋದ ರಾಜರತ್ನಂ ಅವರ ಪದ್ಯಗಳಿಗೆ 2039ರ ಕೊನೆಯವರೆಗೂ ಹಕ್ಕಿದೆ. ಲೇಖಕರನ್ನು ಗೌರವಿಸಲು ಕಲಿಸುವ ಲೈಬ್ರರಿ ಅವರ ಹಕ್ಕನ್ನೂ ಗೌರವಿಸಬೇಕು.

12. ಎರಡನೇ ಪುಸ್ತಕ ಎಣಿಸಿ, ಬಜೆಟ್ ಕೇಳಿ

ಒಟ್ಟು ಎಷ್ಟು ಪುಸ್ತಕ ಇಶ್ಯೂ ಆಯಿತು ಎಂಬ ಲೆಕ್ಕ ಎಲ್ಲರೂ ಇಡುತ್ತಾರೆ. ನೀವು ಇನ್ನೊಂದು ಕಾಲಂ ಸೇರಿಸಿ: ಅದೇ ಲೇಖಕರ ಎರಡನೇ ಪುಸ್ತಕ ಕೇಳಿದ ಮಕ್ಕಳು ಎಷ್ಟು? ರಿಜಿಸ್ಟರ್ ಆದರೆ ಪೆನ್ಸಿಲ್‌ನಲ್ಲಿ ಒಂದು ಟಿಕ್. ಕೊಹಾ, ಇ-ಗ್ರಂಥಾಲಯ ಸಾಫ್ಟ್‌ವೇರ್ ಇದ್ದರೆ ಲೇಖಕರ ಹೆಸರಿನಲ್ಲಿ ಹುಡುಕಿ ತೆಗೆಯಿರಿ. ಬಲವಂತಕ್ಕೆ ಒಂದು ಪುಸ್ತಕ ತೆಗೆದುಕೊಂಡ ಮಗು ಎರಡನೆಯದಕ್ಕೆ ಬರುವುದಿಲ್ಲ, ಹಾಗಾಗಿ ಈ ಅಂಕಿ ಸುಳ್ಳು ಹೇಳುವುದಿಲ್ಲ.

ದುಡ್ಡಿಲ್ಲ ಎಂದು ಕೂರಬೇಡಿ. ಸರ್ಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣದಡಿ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಹೆಡ್‌ಮಾಸ್ಟರ್ ಬಳಿ ಈ ವರ್ಷದ ಮೊತ್ತ ಕೇಳಿ, ಪುಸ್ತಕದ ಪಟ್ಟಿಯನ್ನು ನೀವೇ ಮಾಡಿ. ಪಟ್ಟಿ ಇಲ್ಲದ ಕಡೆ ಯಾರಿಗೂ ಬೇಡದ ಬಂಡಲ್ ಬಂದು ಬೀಳುತ್ತದೆ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ತೂಲಿಕಾ ಕ್ಯಾಟಲಾಗ್ ತರಿಸಿ ಇಟ್ಟುಕೊಳ್ಳಿ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಮಕ್ಕಳಿಗೆ ಏನಿದೆ ಎಂದು ಒಮ್ಮೆ ಖುದ್ದಾಗಿ ಹೋಗಿ ನೋಡಿ. ನವೆಂಬರ್ ರಾಜ್ಯೋತ್ಸವದ ರಿಯಾಯಿತಿಗಳ ಮೇಲೆ ಕಣ್ಣಿಡಿ.

ಖಾಸಗಿ ಶಾಲೆಯಾದರೆ ಮ್ಯಾನೇಜ್‌ಮೆಂಟ್ ಮುಂದೆ ಬರಿಗೈಯಲ್ಲಿ ಹೋಗಬೇಡಿ. ಫೆಬ್ರವರಿಯಲ್ಲಿ, ಮುಂದಿನ ವರ್ಷದ ಬಜೆಟ್ ಬರೆಯುವ ಮೊದಲೇ, ಒಂದು ಪುಟದ ವರದಿ ಕೊಡಿ. ಎಡಗಡೆ ಎರಡನೇ ಪುಸ್ತಕದ ತಿಂಗಳುವಾರು ಲೆಕ್ಕ. ಬಲಗಡೆ ಮಕ್ಕಳು ಕೇಳಿಯೂ ನಿಮ್ಮಲ್ಲಿ ಇಲ್ಲದ ಪುಸ್ತಕಗಳ ಪಟ್ಟಿ, ಲೇಖಕರ ಹೆಸರು, ಪ್ರಕಾಶಕರು, ಬೆಲೆ, ಕೇಳಿದ ಮಗುವಿನ ಕ್ಲಾಸ್ ಸಮೇತ. ಕೆಳಗೆ ಒಟ್ಟು ಮೊತ್ತ ಬರೆದು ಸಹಿ ಮಾಡಿ.